ಮೂಲೆಯ ರಾಗಿ ರಾಶಿ

[ಮನೆ ಗುಂಪಿನಲ್ಲಿ ದೊಡ್ಡಮ್ಮ ಹಾಕಿದ ಫೋಟೊ: ಹಜಾರದ ಮೂಲೆಯಲ್ಲಿ ಎರಡು ಗೋಡೆಗೂ ಒರಗಿದ ರಾಗಿ ರಾಶಿ, ಪಕ್ಕದಲ್ಲಿ ಮೊರ]

ದೊಡ್ಡಮ್ಮ: ಒಕ್ಕಣೆ ಮುಗೀತು. ನಾಲ್ಕು ಮನೆಗೂ ಸಮಪಾಲು. ರಾಶಿ ಅಂಚಿನಗುಂಟ ಈ ಗೋಡೆಯಿಂದ ಆ ಗೋಡೆಗೆ ಹುರಿ ಹಿಡಿದೆ, ಐದೂವರೆ ಅಡಿ. ಮೂಲೆಯಲ್ಲಿ ಎತ್ತರ ಎರಡಡಿ. ಎಷ್ಟು ಚೀಲ ತರಿಸ್ಲಿ?

ಚಿಕ್ಕಪ್ಪ: ರಾಶಿ ಅಂದ್ರೆ ಶಂಕು. ಮೂರನೇ ಒಂದು ಪೈ ಆರ್ ಸ್ಕ್ವೇರ್ ಎಚ್. ಸುತ್ತಳತೆ 5.5 ಅಡಿಗೆ ತ್ರಿಜ್ಯ 0.875. ಘನಫಲ 1.6 ಘನ ಅಡಿ, ಸುಮಾರು 45 ಲೀಟರ್. ಒಂದೇ ಚೀಲ ಸಾಕು ಅತ್ತಿಗೆ.

ದೊಡ್ಡಮ್ಮ: ಒಂದಾ? ಕಣದಿಂದ ಎಷ್ಟು ಮಂಕರಿ ಹೊತ್ತು ತಂದ್ರು ಅಂತ ನಾನು ನಿಂತು ನೋಡಿದೀನಿ. ಎಲ್ಲೋ ತಪ್ಪಿದೆ ಕಣಪ್ಪ.

ನಾನು: ಚಿಕ್ಕಪ್ಪ, 5.5 ಪೂರ್ತಿ ಸುತ್ತಳತೆ ಅಲ್ಲ. ಮೂಲೆ 90 ಡಿಗ್ರಿ, ಒಂದು ಸುತ್ತು 360. ಅದು ಕಾಲು ಸುತ್ತು ಮಾತ್ರ. ಪೂರ್ತಿ ಆದ್ರೆ 22 ಅಡಿ.

ಚಿಕ್ಕಪ್ಪ: ಇರಲಿ, ನಾಲ್ಕರಿಂದ ಗುಣಿಸಿದೆ. ಆದ್ರೆ ಇರೋದು ಕಾಲು ರಾಶಿ, ಕೊನೇಲಿ ನಾಲ್ಕರಿಂದ ಭಾಗಿಸಲೇಬೇಕು. ಗುಣಿಸಿ ಭಾಗಿಸಿದ್ರೆ ತಿರುಗಿ ಅಲ್ಲಿಗೇ ಬಂತಲ್ಲ?

ಪುಟ್ಟಿ (9ನೇ ಕ್ಲಾಸು): ಇಲ್ಲ ಚಿಕ್ಕತಾತ. ತ್ರಿಜ್ಯ 4 ಪಟ್ಟಾದ್ರೆ ಅದರ ವರ್ಗ 16 ಪಟ್ಟು. 16ನ್ನ 4ರಿಂದ ಭಾಗಿಸಿದ್ರೂ ಇನ್ನೂ 4 ಉಳಿಯುತ್ತೆ. ಹಾಗಾಗಿ 6.4 ಘನ ಅಡಿ.

ಚಿಕ್ಕಪ್ಪ: ಹಾಗಾದ್ರೆ ತ್ರಿಜ್ಯ 3.5 ಅಡಿ ಆಯ್ತು. ಫೋಟೊದಲ್ಲಿ ಅಷ್ಟು ಕಾಣಲ್ಲ. ಅದೂ ಅಲ್ದೆ ಹಳೇ ಮಣ್ಣಿನ ಗೋಡೆ, ಮೂಲೆಮಟ್ಟ ಇಟ್ಟು ಕಟ್ಟಿದಾರೆ ಅಂತ ಯಾರು ಹೇಳಿದ್ರು? 90 ಇಲ್ದಿದ್ರೆ ನಿಮ್ಮ ಲೆಕ್ಕವೂ ತಪ್ಪು.

ಈ ಪ್ರಶ್ನೆ ನ್ಯಾಯವಾದದ್ದು. ಯಾರೂ ಎರಡು ನಿಮಿಷ ಏನೂ ಬರೀಲಿಲ್ಲ.

ದೊಡ್ಡಮ್ಮ: ಹೊಲಿಗೆ ಟೇಪು ಹಿಡಿದೆ. ಮೂಲೆಯಿಂದ ಗೋಡೆಗುಂಟ ಅಂಚಿಗೆ ಮೂರೂವರೆ ಅಡಿ. ಇನ್ನೊಂದು ಗೋಡೆಗೂ ಅಷ್ಟೇ.

ಪುಟ್ಟಿ: ಕೋನವೂ ಸಿಕ್ತು! ತ್ರಿಜ್ಯ 3.5 ಇದ್ರೆ ಪೂರ್ತಿ ಸುತ್ತು 22. ಹುರಿ ಐದೂವರೆ, ಸರಿಯಾಗಿ ಕಾಲು. ಮೂಲೆ 100 ಡಿಗ್ರಿ ಇದ್ದಿದ್ರೆ ಹುರಿ ಆರಡಿ ದಾಟ್ತಿತ್ತು.

ನಾನು: ಚಿಕ್ಕಪ್ಪ, ಇದು ಪುಟ್ಟಿ ಪುಸ್ತಕದ ಲೆಕ್ಕ ಮಾತ್ರ ಅಲ್ಲ. 1150ರಲ್ಲಿ ಭಾಸ್ಕರಾಚಾರ್ಯರು ಲೀಲಾವತಿಯಲ್ಲಿ ಧಾನ್ಯದ ರಾಶಿಗೇ ಅಂತ ಸೂತ್ರ ಕೊಟ್ಟಿದಾರೆ. ಗೋಡೆಗೆ ಒರಗಿದ ರಾಶಿಯಾದ್ರೆ ಸುತ್ತಳತೆ 2ರಿಂದ ಗುಣಿಸಿ, ಒಳಮೂಲೆಗೆ 4ರಿಂದ. ಮನೆ ಹೊರಮೂಲೆ ಸುತ್ತ ಸುರಿದಿದ್ರೆ 270 ಡಿಗ್ರಿ, ಅಂದ್ರೆ ಮುಕ್ಕಾಲು, ಅದಕ್ಕೆ ನಾಲ್ಕು ಮೂರಾಂಶದಿಂದ. ಘನಫಲ ತೆಗೆದ ಮೇಲೆ ಅದೇ ಸಂಖ್ಯೆಯಿಂದ ಭಾಗಿಸಿ. ನೀವು ಬೇಡ ಅಂದ ಗುಣಾಕಾರ ಭಾಗಾಕಾರ ಎರಡೂ ಅಲ್ಲಿವೆ. ನನಗೆ ಬಹಳ ಹಿಡಿಸಿದ್ದು ಇನ್ನೊಂದು: ಎತ್ತರ ಅಳೆಯೋಕೆ ರಾಶಿ ಕೆದಕೋದೇ ಬೇಡ. ಮುಳ್ಳಿರೋ ಭತ್ತದಂಥದ್ದಕ್ಕೆ ಸುತ್ತಳತೆಯ ಒಂಬತ್ತನೇ ಒಂದು, ದಪ್ಪ ಕಾಳಿಗೆ ಹತ್ತನೇ ಒಂದು, ಸಣ್ಣ ಕಾಳಿಗೆ ಹನ್ನೊಂದನೇ ಒಂದು. ಸಣ್ಣ ಕಾಳು ಜಾರುತ್ತೆ, ರಾಶಿ ತಗ್ಗಾಗುತ್ತೆ. ರಾಗಿಗೆ 22ರಲ್ಲಿ ಹನ್ನೊಂದನೇ ಒಂದು, ಎರಡಡಿ. ದೊಡ್ಡಮ್ಮ ಅಳೆದದ್ದೂ ಎರಡೇ.

ಚಿಕ್ಕಪ್ಪ: ಆ ಸೂತ್ರದಲ್ಲಿ ಘನಫಲ ಎಷ್ಟು ಬರುತ್ತೆ, ಅದು ಹೇಳು.

ನಾನು: 6.7. ಪೈ ಬದಲು 3 ಹಿಡಿದಿದಾರೆ, ಸುತ್ತಳತೆಯಿಂದ ತೆಗೆದ ತ್ರಿಜ್ಯ ದೊಡ್ಡದಾಗುತ್ತೆ, ಅದಕ್ಕೆ ಚೂರು ಜಾಸ್ತಿ.

ದೊಡ್ಡಮ್ಮ: ಲೀಟರ್ ಅಳತೇಲಿ ರಾಗಿ ತುಂಬಿ, ಮೇಲೆ ಸಮ ಮಾಡಿ ತೂಗಿದೆ. 760 ಗ್ರಾಂ.

ಪುಟ್ಟಿ: 6.4 ಘನ ಅಡಿ ಅಂದ್ರೆ 182 ಲೀಟರ್. ತೂಕ 138 ಕೆಜಿ. ಮನೆಗೆ ಮೂವತ್ತನಾಲ್ಕೂವರೆ.

ಚಿಕ್ಕಪ್ಪ: ನಾನು ಇಡೀ ರಾಶಿ ಅಂದ 45 ಲೀಟರೂ ತೂಗಿದ್ರೆ ಅಷ್ಟೇ ಆಗುತ್ತೆ. ಒಂದು ಮನೆ ಪಾಲನ್ನ ನಾಲ್ಕು ಮನೆಗೆ ಹಂಚ್ತಿದ್ದೆ. ತಪ್ಪಾಯ್ತು ಪುಟ್ಟಿ.

ದೊಡ್ಡಮ್ಮ: ನಾಲ್ಕು ಚೀಲ ತರಿಸ್ತೀನಿ. ಭಾನುವಾರ ಬನ್ನಿ, ತಕ್ಕಡೀಲಿ ತೂಗೇ ಕೊಡ್ತೀನಿ.