ಹಳೇ 800: ನಾನೇ ಕೆಲಸ ಮಾಡಿದ ಮೇಲೆ ಇಂಜಿನ್ ಕುದಿಯುತ್ತಿದೆ, ಸಹಾಯ ಬೇಕು

ಟಿಳಕವಾಡಿ_800
ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. 1997ರ ಮಾರುತಿ 800, ಕಾರ್ಬುರೇಟರ್ ಗಾಡಿ. ಅಪ್ಪ ತಗೊಂಡಿದ್ದು, ಅದಕ್ಕೇ ಬೇರೆಯವರ ಕೈಗೆ ಕೊಡದೆ ನಾನೇ ಪಾರ್ಟ್ ಹಾಕಿದೆ. ಈಗ ಮೊದಲನೇ ರೈಲ್ವೆ ಗೇಟ್ ಮುಟ್ಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತದೆ. ನಿನ್ನೆ ಗೇಟ್ ಹಾಕಿತ್ತು, ಬಾನೆಟ್‌ನಿಂದ ಹಬೆಯೇ ಬಂತು. ಎಲ್ಲಾ ಸರಿಯಾಗಿಯೇ ಕೂರಿಸಿದ್ದೇನೆ. ಏನಾಗಿರಬಹುದು?

ಗುಮ್ಮಟದೂರು
ಹೆಡ್ ಗ್ಯಾಸ್ಕೆಟ್ ಹೋಗಿದೆ, ಅಂದರೆ ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್. ಹೆಡ್ ಇಳಿಸಿ ಫೇಸಿಂಗ್ ಮಾಡಿಸಿ, ಅಂದರೆ ತಳ ಉಜ್ಜಿ ಸಮ ಮಾಡಿಸಿ. ಅದು ಅಲ್ಯೂಮಿನಿಯಂ, ಕುದ್ದರೆ ಬಾಗುತ್ತದೆ.

ಕೃಷ್ಣಾದಂಡೆ
ತಡೀರಿ ಅಣ್ಣಾರೆ. ಯಾವ ಪಾರ್ಟ್ ಅಂತಾನೇ ಹೇಳಿಲ್ವಲ್ಲ?

ಟಿಳಕವಾಡಿ_800
ಥರ್ಮೋಸ್ಟ್ಯಾಟ್ (ಇಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಮತ್ತು ರೇಡಿಯೇಟರ್‌ನ ಮೇಲಿನ ಹೋಸ್. ಹಿಂದೆ ಯಾರೋ ಥರ್ಮೋಸ್ಟ್ಯಾಟ್ ತೆಗೆದೇ ಬಿಟ್ಟಿದ್ದರು. ನೀರು ಬೋರ್‌ನದ್ದು.

ಗುಮ್ಮಟದೂರು
ಆಯಿಲ್ ಮುಚ್ಚಳ ತೆಗೆದು ನೋಡಿ. ಮಜ್ಜಿಗೆ ತರ ಇದ್ದರೆ ಗ್ಯಾಸ್ಕೆಟ್ಟೇ.

ಟಿಳಕವಾಡಿ_800
ಇಲ್ಲ ರೀ, ಸ್ವಚ್ಛ ಇದೆ. ರೇಡಿಯೇಟರ್‌ನಲ್ಲಿ ಗುಳ್ಳೆಯೂ ಇಲ್ಲ.

ಗುಮ್ಮಟದೂರು
ಆದರೂ ಗ್ಯಾಸ್ಕೆಟ್ ಬಿಡಬೇಡಿ. ಶುರುವಿನಲ್ಲಿ ಆಯಿಲ್‌ಗೆ ನೀರು ಬರಲೇಬೇಕು ಅಂತೇನಿಲ್ಲ. ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿಸಿ.

ಮುಧೋಳ_ರಸ್ತೆ
ನಮ್ಮ ಬಿಸಿಲಿಗೆ ಥರ್ಮೋಸ್ಟ್ಯಾಟ್ ಯಾಕೆ? ತೆಗೆದು ಬಿಸಾಕಿ. ನಾನು ಹತ್ತು ವರ್ಷ ಇಲ್ಲದೇ ಓಡಿಸಿದ್ದೇನೆ.

ಕೃಷ್ಣಾದಂಡೆ
ಇದನ್ನು ಒಪ್ಪಲ್ಲ. ಅದಿಲ್ಲದಿದ್ದರೆ ಇಂಜಿನ್ ಹದಕ್ಕೆ ಬರುವುದೇ ತಡ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವಕಳಿಯೂ ಜಾಸ್ತಿ. ಇನ್ನು ಬೋರ್ ನೀರು ಬೇಡವೇ ಬೇಡ. ನಮ್ಮ ಕಡೆ ಸವಳು ನೀರು, ರೇಡಿಯೇಟರ್ ಒಳಗೆ ಬಿಳಿ ಪದರ ಕಟ್ಟುತ್ತದೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿ.

ಮುಧೋಳ_ರಸ್ತೆ
ಕೂಲಂಟ್ ಇಲ್ಲದ ಕಾಲದಲ್ಲಿ ಗಾಡಿ ಓಡಲಿಲ್ವಾ?

ಪದ್ಮಿನಿ_1089
ನನ್ನ ಹಳೇ ಪದ್ಮಿನಿ ಕಾರಿನಲ್ಲಿ ಚೋರ್ಲಾ ಘಾಟ್ ಹತ್ತಿ ಇಳಿದಿದ್ದೇನೆ, ಮುಳ್ಳು ಅರ್ಧ ದಾಟಿಲ್ಲ. ರೇಡಿಯೇಟರ್ ಹೊಸ ಕೋರ್, ಎರಡು ಹಾರ್ನ್, ಡಿಸ್ಕ್ ಬ್ರೇಕ್. ಫೋಟೋ ಹಾಕಲಾ?

ಕೃಷ್ಣಾದಂಡೆ
ಬೇರೆ ಚರ್ಚೆಯಲ್ಲಿ ಹಾಕಿ, ಖಂಡಿತ ನೋಡುತ್ತೇನೆ. 800ರವರೇ, ಮುಳ್ಳು ಏರಿದಾಗ ಮೇಲಿನ ಹೋಸ್ ಮುಟ್ಟಿ ನೋಡಿ. ಫ್ಯಾನ್, ಬೆಲ್ಟಿಗೆ ಕೈ ತಾಗದಂತೆ ಇಂಜಿನ್ ಬಂದ್ ಮಾಡಿ. ಇಂಜಿನ್ ಕುದಿಯುತ್ತಿದ್ದು ಹೋಸ್ ತಣ್ಣಗಿದ್ದರೆ ಥರ್ಮೋಸ್ಟ್ಯಾಟ್ ತೆರೆಯುತ್ತಿಲ್ಲ. ಅದರೊಳಗೆ ಮೇಣ ಇರುತ್ತದೆ. ಅದು ಬಿಸಿಗೆ ಹಿಗ್ಗಿ ಬಾಯಿ ತೆರೆಸುತ್ತದೆ. ಹಾಗಾಗಿ ಸ್ಪ್ರಿಂಗ್ ಇರುವ ಕಡೆ ಇಂಜಿನ್ ಒಳಗೆ ಇರಬೇಕು, ಬಿಸಿ ನೀರಿನಲ್ಲಿ ಮುಳುಗಿರಬೇಕು. ತಿರುವು ಮುರುವು ಕೂರಿಸಿದರೆ ತಡವಾಗಿ ತೆರೆಯುತ್ತದೆ. ತೆಗೆದು ಪಾತ್ರೆಯಲ್ಲಿ ಕುದಿಸಿಯೂ ಪರೀಕ್ಷೆ ಮಾಡಿ. ಎಷ್ಟು ಡಿಗ್ರಿಗೆ ತೆರೆಯಬೇಕು ಅಂತ ಅದರ ಮೇಲೇ ಅಚ್ಚು ಇರುತ್ತದೆ, ಸಾಮಾನ್ಯವಾಗಿ 82 ಅಥವಾ 88. ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ಮಾತ್ರ ತೆಗೆಯಬೇಡಿ, ಕೈ ಮುಖ ಸುಟ್ಟೀತು.

ಟಿಳಕವಾಡಿ_800
ಹೋಸ್ ತಣ್ಣಗೇ ಇತ್ತು. ಬಿಚ್ಚಿ ನೋಡಿದರೆ ಸ್ಪ್ರಿಂಗ್ ಹೋಸ್ ಕಡೆಗೆ! ಪಾತ್ರೆಯಲ್ಲಿ ಹಾಕಿದೆ, ಚೆನ್ನಾಗಿಯೇ ತೆರೆಯಿತು. ತಿರುಗಿಸಿ, ಥರ್ಮೋಸ್ಟ್ಯಾಟ್ ಮುಚ್ಚಳಕ್ಕೆ ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆ. ಹೇಳಿದ ಹಾಗೆ ಕೂಲಂಟ್ ತುಂಬಿದೆ. ಗೇಟ್ ದಾಟಿ ಬಂದೆ, ಕುದಿಯಲಿಲ್ಲ. ಆದರೆ ಮುಳ್ಳು ಒಮ್ಮೆ ಜಿಗಿದು ಮತ್ತೆ ಇಳಿಯುತ್ತದೆ.

ಕೃಷ್ಣಾದಂಡೆ
ಒಳಗೆ ಗಾಳಿ ಸಿಕ್ಕಿದೆ. ಪೂರ್ತಿ ತಣ್ಣಗಾದ ಮೇಲೆ ಮುಂಭಾಗ ಎತ್ತರ ಇರುವಂತೆ ಏರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ಇಡಿ. ಹೋಸ್ ಮೆಲ್ಲಗೆ ಹಿಚುಕಿ. ಗುಳ್ಳೆ ನಿಲ್ಲುವ ತನಕ ಕೂಲಂಟ್ ಹಾಕುತ್ತಾ ಹೋಗಿ.

ಗುಮ್ಮಟದೂರು
ಒಮ್ಮೆ ಹಬೆ ಬಂದಿದೆ ಅಂದಿರಿ. ಇದಾದ ಮೇಲೂ ನೀರು ಕಡಿಮೆಯಾದರೆ ಹೆಡ್ ನೋಡಿಸಲೇಬೇಕು.

ಟಿಳಕವಾಡಿ_800
ಆಯ್ತು ರೀ. ಕ್ಯಾಪ್‌ನ ರಬ್ಬರ್ ಕೂಡ ಗಟ್ಟಿಯಾಗಿದೆ, ಹೊಸದು ತರುತ್ತೇನೆ. ಭಾನುವಾರ ಗಾಳಿ ತೆಗೆದು, ಕಿತ್ತೂರಿನ ತನಕ ಓಡಿಸಿ ಬಂದು ಬರೆಯುತ್ತೇನೆ.