ಆನ್‌ಲೈನ್‌ನಲ್ಲಿ ಒಟ್ಟು ಎಷ್ಟು ವಿಡಿಯೋ, ಎಷ್ಟು ಆಡಿಯೋ ಇದೆ? ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಗ್ರಂಥಾಲಯ ವಿಜ್ಞಾನ ಓದುತ್ತಿದ್ದೇನೆ. ಪುಸ್ತಕಗಳಿಗೆ ಕ್ಯಾಟಲಾಗ್ ಇರುತ್ತದೆ, ಎಷ್ಟಿವೆ ಅಂತ ಹೇಳಿಬಿಡಬಹುದು. ಸ್ಟ್ರೀಮ್ ಆಗುವ ವಿಡಿಯೋ, ಹಾಡು, ಪಾಡ್‌ಕಾಸ್ಟ್ ಒಟ್ಟು ಎಷ್ಟಿವೆ ಅಂತ ಯಾರಾದರೂ ಎಣಿಸಿದ್ದಾರಾ? ಯೂಟ್ಯೂಬ್ ಬಗ್ಗೆ ಒಂದು ಕಡೆ "ನಿಮಿಷಕ್ಕೆ 500 ಗಂಟೆ" ಅಂತ ಇದೆ, ಇನ್ನೊಂದು ಕಡೆ "2,000 ಕೋಟಿ ವಿಡಿಯೋ" ಅಂತ ಇದೆ. ಸೆಮಿನಾರ್‌ನಲ್ಲಿ ಯಾವುದನ್ನು ಹೇಳಲಿ?

ಉತ್ತರ: ಎರಡೂ ಕಂಪನಿಯೇ ಹೇಳಿದ ಅಂಕಿಗಳು. ಆದರೆ ಎರಡೂ ಬೇರೆ ಬೇರೆ ವಿಷಯ ಹೇಳುತ್ತವೆ. ನಿಮಿಷಕ್ಕೆ 500 ಗಂಟೆ ಅನ್ನುವುದು 2019ರದ್ದು. ಅದು ನಲ್ಲಿಯಿಂದ ಬೀಳುವ ನೀರಿನ ಲೆಕ್ಕ. ದಿನಕ್ಕೆ 7,20,000 ಗಂಟೆ ಆಗುತ್ತದೆ. ಒಬ್ಬರು ನಿದ್ದೆಯಿಲ್ಲದೆ ನೋಡುತ್ತಾ ಕೂತರೂ ಒಂದು ದಿನದ ಅಪ್‌ಲೋಡ್ ಮುಗಿಸಲು 82 ವರ್ಷ ಬೇಕು. 2,000 ಕೋಟಿಗೂ ಜಾಸ್ತಿ ಅನ್ನುವುದು 2025ರಲ್ಲಿ, ಯೂಟ್ಯೂಬ್‌ಗೆ 20 ವರ್ಷ ತುಂಬಿದಾಗ ಹೇಳಿದ್ದು. ಅದು ಅಲ್ಲಿಯವರೆಗೆ ಅಪ್‌ಲೋಡ್ ಆದವುಗಳ ಲೆಕ್ಕ. ಅಪ್‌ಲೋಡ್ ಆಗಿದ್ದಕ್ಕೂ ಈಗ ಇರುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಅಳಿಸಿದ್ದು, ಪ್ರೈವೇಟ್ ಮಾಡಿದ್ದು ನಮಗೆ ಸಿಗುವುದಿಲ್ಲ.

ದಿನಕ್ಕೆ ಸರಾಸರಿ 2 ಕೋಟಿ ವಿಡಿಯೋ ಬರುತ್ತವೆ ಅಂತಲೂ 2025ರಲ್ಲಿ ಹೇಳಿದ್ದಾರೆ. 7,20,000 ಗಂಟೆಯನ್ನು 2 ಕೋಟಿಯಿಂದ ಭಾಗಿಸಿ "ಸರಾಸರಿ ವಿಡಿಯೋ 2 ನಿಮಿಷ" ಅಂತ ಬರೆಯಲು ಆಸೆಯಾಗುತ್ತದೆ. ದಯವಿಟ್ಟು ಬೇಡ. ಒಂದು 2019ರ ಅಂಕಿ, ಇನ್ನೊಂದು 2025ರದ್ದು. ನಡುವಿನ ವರ್ಷಗಳಲ್ಲಿ ಶಾರ್ಟ್ಸ್ ಬಂದು ವಿಡಿಯೋಗಳ ಅಳತೆಯೇ ಬದಲಾಗಿದೆ.

ಹಾಗಾಗಿ ಮೊದಲು ತೀರ್ಮಾನಿಸಿ: ನೀವು ಎಣಿಸುವುದು ವಿಡಿಯೋಗಳನ್ನಾ, ಗಂಟೆಗಳನ್ನಾ, ಜಿಬಿಗಳನ್ನಾ?

ಪ್ರಶ್ನೆ ಕೇಳಿದವರು: ವಿಡಿಯೋಗಳನ್ನು. ಕಂಪನಿ ಹೇಳದಿದ್ದರೆ ಹೊರಗಿನವರಿಗೆ ಗೊತ್ತಾಗುವ ದಾರಿ ಇದೆಯಾ?

ಉತ್ತರ: ಇದೆ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗವೇ ಇದು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಯೂಟ್ಯೂಬ್‌ನ ಪ್ರತಿ ವಿಡಿಯೋಗೂ 11 ಅಕ್ಷರಗಳ ಐಡಿ ಇರುತ್ತದೆ. ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಜೊತೆಗೆ ಎರಡು ಚಿಹ್ನೆ ಸೇರಿ 64 ಆಯ್ಕೆ. ಕೊನೆಯ ಜಾಗದಲ್ಲಿ ಮಾತ್ರ 16. ಎಲ್ಲ ಗುಣಿಸಿದರೆ 2ರ 64ನೇ ಘಾತ. ಅಂದರೆ 18ರ ಮುಂದೆ 18 ಸೊನ್ನೆ ಇಟ್ಟಷ್ಟು ಐಡಿಗಳು. ಮುಖ್ಯ ವಿಷಯ ಏನಂದರೆ, ಈ ಐಡಿಗಳನ್ನು 1, 2, 3 ಅಂತ ಸಾಲಾಗಿ ಕೊಡುವುದಿಲ್ಲ. ಇಡೀ ಜಾಗದಲ್ಲಿ ಚೆಲ್ಲಿದ ಹಾಗೆ ಇರುತ್ತವೆ. ಹಾಗಾಗಿ ಮನಸ್ಸಿಗೆ ಬಂದ ಐಡಿಗಳನ್ನು ಒಂದೊಂದಾಗಿ ತಟ್ಟಿ ನೋಡಿ, ನೂರಕ್ಕೆ ಎಷ್ಟು ಬಾಗಿಲು ತೆರೆಯಿತು ಅಂತ ನೋಡಿದರೆ ಒಟ್ಟು ಲೆಕ್ಕ ಸಿಗುತ್ತದೆ. ಟೆಲಿಫೋನ್ ಸಮೀಕ್ಷೆಯವರು ಯಾವುದೋ ಒಂದು ನಂಬರ್ ಒತ್ತಿ ಮಾತಾಡಿಸುತ್ತಿದ್ದರಲ್ಲ, ಅದೇ ಉಪಾಯ.

ಕಷ್ಟ ಏನಂದರೆ ಬಾಗಿಲು ತೆರೆಯುವುದು ನೂರಕ್ಕೆ ಒಂದಲ್ಲ, 2022ರ ಲೆಕ್ಕದಂತೆ ಸುಮಾರು 188 ಕೋಟಿಗೆ ಒಂದು. ಅದಕ್ಕೆ ಅಡ್ಡದಾರಿ ಬೇಕು. 2011ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡವೊಂದು ಐಡಿಯ ಮೊದಲ ಕೆಲವು ಅಕ್ಷರ ಮಾತ್ರ ಕೊಟ್ಟು ಹುಡುಕುವ ವಿಧಾನ ಕಂಡುಕೊಂಡಿತು. ಆಗ ಅವರಿಗೆ ಬಂದ ಲೆಕ್ಕ ಸುಮಾರು 50 ಕೋಟಿ ವಿಡಿಯೋ. ಆಮೇಲೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್‌ನ ಈಥನ್ ಜುಕರ್‌ಮನ್ ತಂಡದವರು ಇನ್ನೊಂದು ಸುಳಿವು ಹಿಡಿದರು. ಐಡಿ ಹುಡುಕುವಾಗ ಯೂಟ್ಯೂಬ್ ದೊಡ್ಡಕ್ಷರ, ಸಣ್ಣಕ್ಷರ ಅಂತ ಬೇಧ ಮಾಡುತ್ತಿರಲಿಲ್ಲ. ಒಂದು ಸಲ ತಟ್ಟಿದರೆ ಸಾವಿರಾರು ಬಾಗಿಲು ತಟ್ಟಿದಂತೆ. ಕೆಲಸ ಸುಮಾರು 32,000 ಪಟ್ಟು ಹಗುರವಾಯಿತು. 2022ರ ಕೊನೆಯ ತಿಂಗಳುಗಳಲ್ಲಿ 10,016 ವಿಡಿಯೋ ಸಿಕ್ಕವು. ಅದರಿಂದ ಬಂದ ಅಂದಾಜು 980 ಕೋಟಿ. ಮುಂದಿನ ಸುತ್ತುಗಳಲ್ಲಿ ಅದು 1,400 ಕೋಟಿ ಮುಟ್ಟಿತು.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಯಾಕೆ ಮೇಡಂ? ಸುಮ್ನೆ ಬೇರೆ ಬೇರೆ ಪದ ಹಾಕಿ ಸರ್ಚ್ ಮಾಡಿ, ಬಂದ ವಿಡಿಯೋಗಳನ್ನೇ ಮಾದರಿ ಅಂತ ತೆಗೆದುಕೊಂಡರೆ ಆಗಲ್ವಾ?

ಉತ್ತರ: ಆಗುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೇ ಮಾಡಿದ್ದೆ. ಮೂರು ವಾರದ ಕೆಲಸ ಬಿಸಾಡಬೇಕಾಯಿತು. ಸರ್ಚ್ ನಮಗೆ ತೋರಿಸುವುದು ಜನ ಆಗಲೇ ನೋಡಿದ್ದನ್ನು. ಮೇಲೆ ತೇಲುವುದನ್ನು ಎಣಿಸಿ ಕೆರೆಯ ಆಳ ಹೇಳಿದ ಹಾಗೆ.

ಆಮ್ಹರ್ಸ್ಟ್ ತಂಡದ ಮಾದರಿ ನೋಡಿ. ಎಲ್ಲ ವಿಡಿಯೋಗಳನ್ನು ವ್ಯೂಸ್ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬಂದ ವಿಡಿಯೋಗೆ ಇದ್ದದ್ದು 39 ವ್ಯೂಸ್. 10,000 ವ್ಯೂಸ್ ದಾಟಿದವು ನೂರಕ್ಕೆ ನಾಲ್ಕೂ ಇರಲಿಲ್ಲ. ಆದರೆ ಒಟ್ಟು ವ್ಯೂಸ್‌ನಲ್ಲಿ ಶೇ. 90ಕ್ಕೂ ಹೆಚ್ಚು ಅವುಗಳದ್ದೇ. ಅಂದರೆ ನಾವು ದಿನಾ ನೋಡುವ ಯೂಟ್ಯೂಬ್ ಬೇರೆ, ನಿಜವಾಗಿ ಇರುವ ಯೂಟ್ಯೂಬ್ ಬೇರೆ. ಮಗುವಿನ ಹುಟ್ಟುಹಬ್ಬ, ಮನೆಯವರಿಗೆ ಕಳಿಸಲು ಹಾಕಿದ ಕ್ಲಿಪ್, ಯಾರೋ ಆಡಿದ ಗೇಮ್ ಇಂಥವೂ ಆ ಲೆಕ್ಕದಲ್ಲಿ ಸೇರುತ್ತವೆ. ಇವನ್ನು ಕಸ ಅಂತ ಯಾರಾದರೂ ಅಂದರೆ ನನಗೆ ಬೇಜಾರಾಗುತ್ತದೆ. ನಾಳೆ ನಮ್ಮ ಕಾಲದ ಬದುಕು ಹೇಗಿತ್ತು ಅಂತ ಹುಡುಕುವವರಿಗೆ ಸಿಗುವ ದಾಖಲೆ ಇದೇ. ನೀವು ಗ್ರಂಥಾಲಯದವರು, ನಿಮಗೆ ಇದು ಅರ್ಥವಾಗುತ್ತದೆ.

ಮತ್ತೊಬ್ಬ ಸದಸ್ಯರು: ಸಾವಿರ ಕೋಟಿಗೆ ಹತ್ತು ಸಾವಿರದ ಮಾದರಿ ಸಾಕಾ? ನನಗೆ ತೀರಾ ಕಡಿಮೆ ಅನಿಸುತ್ತದೆ.

ಉತ್ತರ: ಸಾಕು. ರಕ್ತ ಪರೀಕ್ಷೆಗೆ ಒಂದೆರಡು ಹನಿ ತೆಗೆಯುತ್ತಾರೆ, ಇಡೀ ರಕ್ತ ಅಲ್ಲ. ಹೀಗೆ ತಟ್ಟಿ ಎಣಿಸುವಾಗ ತಪ್ಪಿನ ಅಳತೆ ಸುಮಾರಾಗಿ, ಒಂದನ್ನು ಸಿಕ್ಕ ವಿಡಿಯೋಗಳ ವರ್ಗಮೂಲದಿಂದ ಭಾಗಿಸಿದಷ್ಟು. 10,000ದ ವರ್ಗಮೂಲ 100. ಹಾಗಾಗಿ ಶೇ. 1, ಹುಷಾರಾಗಿ ಹೇಳುವುದಾದರೆ ಶೇ. 2 ಆಚೆ ಈಚೆ. ನಿಜವಾದ ಚಿಂತೆ ಬೇರೆ ಕಡೆ ಇದೆ. ಪ್ರೈವೇಟ್ ಮತ್ತು ಅನ್‌ಲಿಸ್ಟೆಡ್ (ಲಿಂಕ್ ಇದ್ದವರು ಮಾತ್ರ ನೋಡಬಹುದಾದ) ವಿಡಿಯೋಗಳು ಸರ್ಚ್‌ನಲ್ಲಿ ಬರುವುದಿಲ್ಲ. ಮಾದರಿ ಎಷ್ಟು ದೊಡ್ಡದಾದರೂ ಆ ಭಾಗ ತುಂಬುವುದಿಲ್ಲ.

ಪ್ರಶ್ನೆ ಕೇಳಿದವರು: ಬೇರೆ ಸೈಟ್‌ಗಳಲ್ಲಿ ಇಂಥ ಐಡಿ ಇಲ್ಲದಿದ್ದರೆ?

ಉತ್ತರ: ಐಡಿ ಸಾಲಾಗಿ ಏರುವ ಅಂಕಿಯಾಗಿದ್ದರೆ ಇನ್ನೂ ಸುಲಭ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಎಷ್ಟು ಟ್ಯಾಂಕ್ ಮಾಡುತ್ತಿದೆ ಅಂತ ತಿಳಿಯಲು ಸಿಕ್ಕ ಟ್ಯಾಂಕ್‌ಗಳ ಸೀರಿಯಲ್ ನಂಬರ್ ನೋಡಿ ಲೆಕ್ಕ ಹಾಕಿದರು. 1942ರ ಆಗಸ್ಟ್ ತಿಂಗಳಿಗೆ ಗೂಢಚಾರರು ಹೇಳಿದ್ದು 1,550. ನಂಬರ್‌ಗಳ ಲೆಕ್ಕ ಹೇಳಿದ್ದು 327. ಯುದ್ಧ ಮುಗಿದ ಮೇಲೆ ದಾಖಲೆಯಲ್ಲಿ ಸಿಕ್ಕಿದ್ದು 342. ಸೂತ್ರ ಸಣ್ಣದು: ಕಂಡ ಅತಿ ದೊಡ್ಡ ನಂಬರ್‌ಗೆ, ಅದನ್ನೇ ಮಾದರಿಯ ಸಂಖ್ಯೆಯಿಂದ ಭಾಗಿಸಿ ಬಂದದ್ದನ್ನು ಕೂಡಿಸಿ 1 ಕಳೆಯಿರಿ. 75, 120, 310, 460 ಸಿಕ್ಕಿದ್ದರೆ 460ಕ್ಕೆ 115 ಕೂಡಿಸಿ 1 ಕಳೆದರೆ 574. ನಡುನಡುವೆ ನಂಬರ್ ಬಿಟ್ಟಿದ್ದರೆ ಮಾತ್ರ ಲೆಕ್ಕ ಕೆಡುತ್ತದೆ.

ಅದೂ ಇಲ್ಲದಿದ್ದರೆ ಎರಡು ಪಟ್ಟಿ ಬೇಕು. ಒಂದು ಪಟ್ಟಿಯಲ್ಲಿ 400 ಪಾಡ್‌ಕಾಸ್ಟ್, ಇನ್ನೊಂದರಲ್ಲಿ 300, ಎರಡರಲ್ಲೂ ಇರುವವು 60 ಅಂದುಕೊಳ್ಳಿ. 400ನ್ನು 300ರಿಂದ ಗುಣಿಸಿ 60ರಿಂದ ಭಾಗಿಸಿದರೆ 2,000. ಕೆರೆಯ ಮೀನಿಗೆ ಗುರುತು ಹಾಕಿ ಬಿಟ್ಟು ಮತ್ತೆ ಹಿಡಿದು ಎಣಿಸುವ ವಿಧಾನವೇ ಇದು. 1998ರಲ್ಲಿ ಲಾರೆನ್ಸ್ ಮತ್ತು ಗೈಲ್ಸ್ ಅನ್ನುವ ಇಬ್ಬರು ಸಂಶೋಧಕರು ಸರ್ಚ್ ಎಂಜಿನ್‌ಗಳ ಫಲಿತಾಂಶ ಎಷ್ಟು ಹೊಂದುತ್ತವೆ ಅಂತ ನೋಡಿ, ವೆಬ್‌ನಲ್ಲಿ ಕನಿಷ್ಠ 32 ಕೋಟಿ ಪುಟಗಳಿವೆ ಅಂದರು. "ಕನಿಷ್ಠ" ಅನ್ನುವ ಪದ ಬಿಡಬೇಡಿ. ಹೆಸರಾದವು ಎರಡೂ ಪಟ್ಟಿಯಲ್ಲಿ ಸೇರಿಕೊಳ್ಳುತ್ತವೆ, ಹೋಲಿಕೆ ಜಾಸ್ತಿ ಕಾಣುತ್ತದೆ, ಉತ್ತರ ಕಡಿಮೆ ಬರುತ್ತದೆ.

ಇನ್ನೊಬ್ಬ ಸದಸ್ಯರು: ಹಾಡುಗಳ ಲೆಕ್ಕ ಹೇಳಲೇ ಇಲ್ಲ.

ಉತ್ತರ: ಹೌದು, ಕ್ಷಮಿಸಿ. ಹಾಡಿನ ರೆಕಾರ್ಡಿಂಗ್‌ಗೆ ಐಎಸ್‌ಆರ್‌ಸಿ ಅನ್ನುವ 12 ಅಕ್ಷರದ ಕೋಡ್ ಇರುತ್ತದೆ. ಇಲ್ಲಿ ದಾಖಲೆ ಇರುವುದರಿಂದ ಊಹಿಸುವ ಕೆಲಸ ಕಡಿಮೆ. 2022ರಲ್ಲಿ ಆಪಲ್ ಮ್ಯೂಸಿಕ್ 10 ಕೋಟಿ ಹಾಡು ದಾಟಿದ್ದಾಗಿ ಹೇಳಿತು. ಸಂಗೀತದ ಅಂಕಿಅಂಶ ಕಲೆಹಾಕುವ ಲ್ಯುಮಿನೇಟ್ ಸಂಸ್ಥೆಯ 2023ರ ಲೆಕ್ಕದಲ್ಲಿ ಎಲ್ಲ ಸೇವೆ ಸೇರಿ 18.4 ಕೋಟಿ ಟ್ರ್ಯಾಕ್. ಅದರಲ್ಲಿ 4.56 ಕೋಟಿಯನ್ನು ಆ ವರ್ಷ ಒಬ್ಬರೂ ಕೇಳಿರಲಿಲ್ಲ. ಒಂದೇ ಹಾಡಿಗೆ ಎರಡು ಕೋಡ್ ಬೀಳುವುದೂ ಉಂಟು, ಅದನ್ನು ನೆನಪಿಡಿ. ಇನ್ನು ಆನ್‌ಲೈನ್ ರೇಡಿಯೋದಂಥ ಲೈವ್‌ಗೆ ಉದ್ದವೇ ಇಲ್ಲ. ಅದನ್ನು ಚಾನೆಲ್‌ಗಳ ಸಂಖ್ಯೆಯಲ್ಲಿ ಹೇಳಿ, ಗಂಟೆಯಲ್ಲಿ ಬೇಡ.

ಪ್ರಶ್ನೆ ಕೇಳಿದವರು: ಕೊನೆಯದಾಗಿ, ಜಿಬಿ ಲೆಕ್ಕ ಹೇಗೆ ಮೇಡಂ?

ಉತ್ತರ: ಸೆಕೆಂಡಿಗೆ 5 ಮೆಗಾಬಿಟ್‌ನ ಎಚ್‌ಡಿ ವಿಡಿಯೋ ಒಂದು ಗಂಟೆಗೆ 2.25 ಜಿಬಿ. 128 ಕಿಲೋಬಿಟ್‌ನ ಆಡಿಯೋ ಗಂಟೆಗೆ ಸುಮಾರು 58 ಎಂಬಿ. ಆದರೆ ನೆಟ್‌ವರ್ಕ್ ವೇಗಕ್ಕೆ ತಕ್ಕಂತೆ ಕೊಡಲು ಒಂದೇ ವಿಡಿಯೋವನ್ನು ಹಲವು ಗುಣಮಟ್ಟದಲ್ಲಿ ಇಟ್ಟಿರುತ್ತಾರೆ, ಬೇರೆ ಬೇರೆ ಕಡೆ ಪ್ರತಿಗಳೂ ಇರುತ್ತವೆ. ಹಾಗಾಗಿ ಗಂಟೆಯಿಂದ ಜಿಬಿಗೆ ಹೋಗುವಾಗ "ಒಂದೇ ಪ್ರತಿ, ಇಷ್ಟು ಬಿಟ್‌ರೇಟ್" ಅಂತ ಪಕ್ಕದಲ್ಲೇ ಬರೆಯಿರಿ.

ಸೆಮಿನಾರ್‌ಗೆ ಮೊದಲು ಎರಡು ಪಟ್ಟಿಯ ಲೆಕ್ಕವನ್ನು ಒಂದು ಸಣ್ಣ ವಿಷಯದ ಮೇಲೆ ನೀವೇ ಮಾಡಿ ನೋಡಿ, ಒಂದು ಸಂಜೆ ಸಾಕು. ಪಟ್ಟಿಗಳನ್ನು ಇಲ್ಲಿ ಹಾಕಿದರೆ ಎಲ್ಲಿ ಒಂದೇ ಕಾರ್ಯಕ್ರಮ ಎರಡು ಹೆಸರಲ್ಲಿದೆ ಅಂತ ನಾನು ನೋಡಿ ಹೇಳುತ್ತೇನೆ.