ಅರಮನೆಯಾಗಿದ್ದ ಲೂವ್ರ್: ಒಂದೇ ದಿನದಲ್ಲಿ ಏನೇನು ನೋಡಬಹುದು?

ಪ್ರಶ್ನೆ (ನಾಪೋಕ್ಲು)

ಕಾಫಿ ಕೊಯ್ಲು ಮುಗಿದ ಮೇಲೆ, ಏಪ್ರಿಲ್ ತಿಂಗಳಲ್ಲಿ, ತಾಯಿಯವರನ್ನೂ ಹತ್ತನೇ ತರಗತಿಯ ಮಗಳನ್ನೂ ಕರೆದುಕೊಂಡು ಪ್ಯಾರಿಸ್‌ಗೆ ಹೋಗುವವರಿದ್ದೇವೆ. ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಒಂದೇ ದಿನ ಸಿಗುತ್ತದೆ. ಮಗಳಿಗೆ ಮೋನಾಲಿಸಾ ಚಿತ್ರವನ್ನು ನೋಡಲೇಬೇಕು. ತಾಯಿಯವರ ತವರು ಕಕ್ಕಬ್ಬೆ; ನಾಲ್ಕುನಾಡು ಅರಮನೆಯ ಗೋಡೆಚಿತ್ರಗಳನ್ನು ನೋಡುತ್ತ ಬೆಳೆದ ಅವರು, "ಚಿತ್ರಗಳು ಇರಲಿ, ರಾಜರು ಓಡಾಡಿದ ಜಾಗ ಯಾವುದು, ಅದನ್ನು ಮೊದಲು ತೋರಿಸು" ಎನ್ನುತ್ತಾರೆ. ಅವರಿಗೆ ಮಂಡಿನೋವು ಇರುವುದರಿಂದ ಹೆಚ್ಚು ನಡೆಯಲಾಗದು. ನೋಡಿ ಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ವಿರಾಜಪೇಟೆ)

ಮಂಗಳವಾರ ಅಲ್ಲಿ ರಜೆ. ಬುಧವಾರ ಮತ್ತು ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುವುದರಿಂದ, ಆ ಎರಡರಲ್ಲಿ ಒಂದು ದಿನವನ್ನು ಆರಿಸಿಕೊಂಡರೆ ತಾಯಿಯವರನ್ನು ನಡುನಡುವೆ ಕೂರಿಸಿ ನಿಧಾನವಾಗಿ ನೋಡಬಹುದು. ಟಿಕೆಟ್ಟನ್ನು ಸಮಯ ನಿಗದಿಪಡಿಸಿ ಆನ್‌ಲೈನ್‌ನಲ್ಲಿ ಮೊದಲೇ ಪಡೆಯಿರಿ. 18 ವರ್ಷದೊಳಗಿನವರಿಗೆ ಪ್ರವೇಶ ಉಚಿತವಾದರೂ ಮಗಳ ಹೆಸರಿನಲ್ಲಿಯೂ ಸಮಯ ಕಾದಿರಿಸಬೇಕು. ಗಾಲಿಕುರ್ಚಿಯನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ, ಲಿಫ್ಟುಗಳೂ ಇವೆ. "ನಡೆಯುತ್ತೇನೆ" ಎಂದು ಅವರು ಹಟ ಹಿಡಿದರೂ ಕೇಳಬೇಡಿ. ಸೆನ್ ನದಿಯ ಬದಿಯ ಗ್ರ್ಯಾಂಡ್ ಗ್ಯಾಲರಿಯೊಂದೇ ಸುಮಾರು 460 ಮೀಟರ್ ಉದ್ದವಾಗಿ ಕಟ್ಟಲ್ಪಟ್ಟದ್ದು.

ಉತ್ತರ 2 (ಮಡಿಕೇರಿ)

ನಿಮ್ಮ ತಾಯಿಯವರ ಮಾತೇ ಸರಿ. ಲೂವ್ರ್‌ಗೆ ಹೋದವರಲ್ಲಿ ಬಹುಮಂದಿ ಗೋಡೆಗೆ ತೂಗುಹಾಕಿದ್ದನ್ನು ನೋಡುತ್ತಾರೆಯೇ ಹೊರತು ಗೋಡೆಯನ್ನು ನೋಡುವುದಿಲ್ಲ ಎಂಬುದು ನನ್ನ ಬಹುದಿನದ ಕೊರಗು. ಗಾಜಿನ ಪಿರಮಿಡ್ಡಿನ ಕೆಳಗಿನ ಸಭಾಂಗಣದಿಂದ ಮೊದಲು ಸುಲ್ಲಿ ವಿಭಾಗದ ನೆಲಮಾಳಿಗೆಗೆ ಹೋಗಿ. 1190ರ ಸುಮಾರಿಗೆ ದೊರೆ ಫಿಲಿಪ್ ಆಗಸ್ಟಸ್ ಕಟ್ಟಿಸತೊಡಗಿದ ಕೋಟೆಯ ಕಂದಕ ಮತ್ತು ಬುರುಜಿನ ಬುಡ ಅಲ್ಲಿವೆ. 1980ರ ದಶಕದ ಉತ್ಖನನದಲ್ಲಿ ಅವು ಬೆಳಕಿಗೆ ಬಂದವು. ಆ ಕಲ್ಲುಗಳ ಹತ್ತಿರ ನಿಂತು ನೋಡಿದರೆ ಕಲ್ಲುಕುಟಿಗರು ಕೆತ್ತಿದ ಗುರುತುಗಳು ಕಾಣಿಸುತ್ತವೆ, ಕೆಲವು ಹೃದಯದ ಆಕಾರದಲ್ಲಿವೆ. ನಮ್ಮ ಕೊಡಗಿನ ಕಡಂಗಗಳ (ರಕ್ಷಣೆಗೆಂದು ತೋಡಿದ ಹಳೆಯ ಕಂದಕಗಳ) ಅಂಚಿನಲ್ಲಿ ಓಡಾಡಿದವರಿಗೆ ಆ ಕಂದಕದ ಉದ್ದೇಶವನ್ನು ವಿವರಿಸಬೇಕಾಗಿಲ್ಲ.

ಹಳೆಯ ಕೋಟೆಯನ್ನು ಕೆಡವಿಸಿ ಹೊಸ ಅರಮನೆ ಕಟ್ಟಲು 1546ರಲ್ಲಿ ಪಿಯರ್ ಲೆಸ್ಕೋ ಎಂಬ ವಾಸ್ತುಶಿಲ್ಪಿಯನ್ನು ನೇಮಿಸಿದವನು ಒಂದನೇ ಫ್ರಾನ್ಸಿಸ್. ಆ ಅರಮನೆಯ ಕ್ಯಾರಿಯಾಟಿಡ್ ಸಭಾಂಗಣ ಸುಲ್ಲಿಯ ನೆಲಮಹಡಿಯಲ್ಲಿದೆ. ಕಂಬಗಳ ಬದಲಿಗೆ ನಾಲ್ವರು ಕಲ್ಲಿನ ಸ್ತ್ರೀಯರು ಅಲ್ಲಿ ವಾದ್ಯಗಾರರ ಮೊಗಸಾಲೆಯನ್ನು ಹೊತ್ತು ನಿಂತಿದ್ದಾರೆ, ಅವರನ್ನು ಕಡೆದವನು ಜ್ಯಾಂ ಗೂಜೋಂ. 1658ರಲ್ಲಿ ಹದಿನಾಲ್ಕನೇ ಲೂಯಿಯ ಮುಂದೆ ನಾಟಕಕಾರ ಮೊಲಿಯೇರನ ತಂಡ ನಾಟಕವಾಡಿದ್ದು ಇದೇ ಸಭಾಂಗಣದಲ್ಲಿ. ರಾಜರು ಓಡಾಡಿದ ಜಾಗವೆಂದು ತಾಯಿಯವರಿಗೆ ಧೈರ್ಯವಾಗಿ ತೋರಿಸಬಹುದಾದದ್ದು ಇದು. ರಿಷೆಲ್ಯೂ ವಿಭಾಗದಲ್ಲಿ ಕೆಂಪು ಮಖಮಲ್ಲು, ಚಿನ್ನದ ಲೇಪ, ದೊಡ್ಡ ದೀಪಗುಚ್ಛಗಳಿರುವ ಕೋಣೆಗಳಿವೆ. ಅವುಗಳಿಗೆ ಮೂರನೇ ನೆಪೋಲಿಯನ್‌ನ ಹೆಸರಿದ್ದರೂ ಅವು ಅವನ ಮಂತ್ರಿಗಾಗಿ ಸಿದ್ಧಪಡಿಸಿದವು. ಬಳಿಕ 1989ರವರೆಗೆ ಹಣಕಾಸು ಸಚಿವಾಲಯ ಆ ಭಾಗದಲ್ಲಿತ್ತು. ನಮ್ಮ ಮಡಿಕೇರಿ ಕೋಟೆಯ ಅರಮನೆಯೂ ಬಹುಕಾಲ ಸರ್ಕಾರಿ ಕಚೇರಿಯಾಗಿತ್ತಷ್ಟೆ.

1682ರಲ್ಲಿ ಲೂಯಿ ತನ್ನ ಆಸ್ಥಾನವನ್ನು ವರ್ಸೈಲ್ಸ್‌ಗೆ ಒಯ್ದನು. ಕ್ರಾಂತಿಯ ನಂತರ, ರಾಜಪ್ರಭುತ್ವ ಉರುಳಿದ ಮೊದಲ ವಾರ್ಷಿಕ ದಿನವಾದ 1793ರ ಆಗಸ್ಟ್ 10ರಂದು, ಇದೇ ಅರಮನೆ ಜನರ ಸಂಗ್ರಹಾಲಯವಾಗಿ ತೆರೆಯಿತು. ಇದನ್ನು ಮಗಳಿಗೆ ತಪ್ಪದೆ ಹೇಳಿ.

ಉತ್ತರ 3 (ಸೋಮವಾರಪೇಟೆ)

ಮೇಲಿನವರ ಅನುಕ್ರಮವನ್ನು ಮಾತ್ರ ನಾನು ಒಪ್ಪಲಾರೆ. ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದಾದರೆ ಮೊದಲು ಡೆನಾನ್ ವಿಭಾಗದ ಮೋನಾಲಿಸಾ ಮುಗಿಸಿಬಿಡಿ, ಏಕೆಂದರೆ ಹೊತ್ತೇರಿದಂತೆ ಅಲ್ಲಿ ನೂಕುನುಗ್ಗಲು. ಚಿತ್ರವಿರುವುದು 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ಅದೂ ಗಾಜಿನ ಹಿಂದೆ. ಮಗಳಿಗೆ ನಿರಾಸೆಯಾದರೆ ಹಿಂದಕ್ಕೆ ತಿರುಗಲು ಹೇಳಿ. ಎದುರು ಗೋಡೆಯಲ್ಲಿ ವೆರೊನೀಸ್ 1563ರಲ್ಲಿ ಮುಗಿಸಿದ ಬೈಬಲ್ಲಿನ ಕಥೆಯಾದ ಕಾನಾ ಊರಿನ ಮದುವೆಯ ಚಿತ್ರವಿದೆ. ಸುಮಾರು 10 ಮೀಟರ್ ಅಗಲದ ಆ ಚಿತ್ರದ ನಡುವೆ ವಾದ್ಯ ನುಡಿಸುವವರಿದ್ದಾರೆ, ಬಡಿಸುವವರಿದ್ದಾರೆ, ನಾಯಿಗಳೂ ಇವೆ. ಮದುವೆಮನೆಯ ಗಲಾಟೆ ಬಲ್ಲ ತಾಯಿಯವರೂ ಅದರ ಮುಂದೆ ಬಹಳ ಹೊತ್ತು ಕೂರುವರು.